ಉಳಿದ ಡಾಕ್ಟ್ರಮ್ಮ

ಅಬ್ಬಿಗೆರೆಯಲ್ಲಿ ನಮ್ಮ ಮನೆಗೆ ತಿರುಗುವ ಮೂಲೆಯ ಕಂಬಕ್ಕೆ ಅವಳ ಫ್ಲೆಕ್ಸ್ ಕಟ್ಟಿದ್ದಾರೆ. ಆಳೆತ್ತರದ ಫ್ಲೆಕ್ಸು. ಒಂದು ಬದಿಗೆ ಉರಿಯುವ ದೀಪ, ಇನ್ನೊಂದು ಬದಿಗೆ ಹಸು, ನಡುವೆ ಹಲ್ಲು ತೋರಿಸಿ ನಗುತ್ತಿರುವ ಅವಳು. ಕೆಳಗೆ, ರಾಜಕಾರಣಿಗಳ ಫ್ಲೆಕ್ಸುಗಳಲ್ಲಿ ಇರುವ ಹಾಗೆಯೇ, ಹಸು ಕಟ್ಟಿದವರ, ಕುರಿ ಸಾಕಿದವರ ಪುಟ್ಟ ಪುಟ್ಟ ಮುಖಗಳು ಸಾಲಾಗಿ ಇವೆ. ದನದ ಡಾಕ್ಟರು ಸತ್ತರೆ ಫ್ಲೆಕ್ಸ್ ಕಟ್ಟುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಾನೂ ಪಶುವೈದ್ಯನೇ. ಯಲಹಂಕದಲ್ಲಿ ನನ್ನದೊಂದು ಕ್ಲಿನಿಕ್ ಇದೆ, ಎಸಿ ಇದೆ, ಕೂರಲು ಮೆತ್ತನೆಯ ಸೋಫಾ ಇದೆ. ನಾಳೆ ನಾನು ಸತ್ತರೆ ಅದರ ಗಾಜಿನ ಬಾಗಿಲಿಗೆ ‘ಇಂದು ರಜೆ’ ಎಂದು ಒಂದು ಚೀಟಿ ಅಂಟಿಸುತ್ತಾರೆ, ಅದೂ ಇಂಗ್ಲಿಷಿನಲ್ಲಿ.

ಫ್ಲೆಕ್ಸಿನಲ್ಲಿ ಅವಳ ಹೆಸರಿಲ್ಲ. ದಪ್ಪ ಕೆಂಪು ಅಕ್ಷರಗಳಲ್ಲಿ ‘ನಮ್ಮೆಲ್ಲರ ಪ್ರೀತಿಯ ಉಳಿದ ಡಾಕ್ಟ್ರಮ್ಮನವರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದಿದೆ. ಇದು ಹೇಗಾಯಿತೆಂದು ಈ ಊರಲ್ಲೇ ಹುಟ್ಟಿದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸುತ್ತಮುತ್ತಲಿನವರು ಅವಳನ್ನು ಕರೆಯುತ್ತಿದ್ದದ್ದು ‘ಹುಳದ ಡಾಕ್ಟ್ರಮ್ಮ’ ಎಂದು. ದನಕ್ಕೋ ಕುರಿಗೋ ನಾಯಿಗೋ ಗಾಯವಾಗಿ, ಅದರ ಮೇಲೆ ನೊಣ ಕೂತು ಮೊಟ್ಟೆಯಿಟ್ಟು, ಒಳಗೆ ಹುಳ ಬಿದ್ದು ಮಾಂಸ ತಿನ್ನತೊಡಗಿದರೆ ಅವಳಿಗೇ ಫೋನು ಹೋಗುತ್ತಿತ್ತು. ಆದರೆ ನಮ್ಮ ಕಡೆಯ ಹಳಬರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಸು ಅಸವಾಗುತ್ತದೆ, ಹಾಲು ಆಲಾಗುತ್ತದೆ, ಹುಳ ಉಳವಾಗುತ್ತದೆ. ಯಾರೋ ಮತ್ತಿಕೆರೆಯ ಫ್ಲೆಕ್ಸ್ ಅಂಗಡಿಗೆ ಫೋನ್ ಮಾಡಿ “ಉಳದ್ ಡಾಕ್ಟ್ರಮ್ಮ ಅಂತ ಆಕಪ್ಪ” ಎಂದಿದ್ದಾರೆ. ಅಂಗಡಿಯವನು ನಾಲ್ಕಕ್ಷರ ಓದಿದವನು. ‘ಉಳದ’ ಎಂಬ ಮಾತೇ ಇಲ್ಲವಲ್ಲ ಎಂದುಕೊಂಡು ‘ಉಳಿದ’ ಎಂದು ತಿದ್ದಿದ್ದಾನೆ. ಸತ್ತವಳು ಉಳಿದವಳಾಗಿಬಿಟ್ಟಳು. ಬೇರೆಯವರ ಫ್ಲೆಕ್ಸಿನಲ್ಲಿ ತಪ್ಪಾದರೆ ಜನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕಿ ನಗುತ್ತಾರೆ. ಇವಳ ವಿಷಯದಲ್ಲಿ ಅಚ್ಚಿನ ತಪ್ಪು ಕೂಡ ಇವಳ ಪರವಾಗಿಯೇ ನಿಂತಿತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಇನ್ನೂ ಒಂದಿದೆ. ಚಿತ್ರದ ಎಡ ಅಂಚಿನಲ್ಲಿ ನೀಲಿ ಅಂಗಿಯ ಅರ್ಧ ತೋಳೊಂದು ಕಾಣುತ್ತದೆ. ಅದು ನನ್ನದು. ಹೊಸ ಮನೆಯ ಗೃಹಪ್ರವೇಶದ ದಿನ ನಾನು, ಅವಳು, ಅಮ್ಮನ ಹಸು ಗೌರಿ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊ ಅದು. ಫ್ಲೆಕ್ಸಿನವರು ಹಸುವನ್ನು ಇಟ್ಟುಕೊಂಡು ನನ್ನನ್ನು ಕತ್ತರಿಸಿದ್ದಾರೆ. ಫೋಟೊ ಹುಡುಕಿ ಕೊಟ್ಟವಳು ನನ್ನ ಅಮ್ಮ.

ಅವಳನ್ನು ಮೊದಲು ನೋಡಿದ್ದು ಹೆಬ್ಬಾಳದಲ್ಲಿ, ಪಶುವೈದ್ಯಕೀಯ ಓದಲು ಸೇರಿದ ಮೊದಲ ದಿನ. ಯಶವಂತಪುರದವಳು, ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು, ಮಾತಿನಲ್ಲಿ ಲಾರಿಯವರನ್ನೂ ಸೋಲಿಸುವವಳು. ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕೂತು “ನಿನ್ ಹೆಸರೇನೋ?” ಎಂದಳು. ನಾನು “ನನ್ನೆಸ್ರು...” ಎಂದು ಶುರು ಮಾಡಿದೆ.

“ಎಸ್ರಲ್ಲ ಕಣೋ, ಹೆಸರು. ಹ. ಕನ್ನಡಿ ಮೇಲೆ ಉಸಿರು ಬಿಟ್ಟಂಗೆ ಬಿಡು, ಬರುತ್ತೆ.”

ಸುತ್ತ ಇದ್ದವರೆಲ್ಲ ನಕ್ಕರು. ಆಮೇಲೆ ನಾನು ಹಾಸ್ಟೆಲಿನ ಬಚ್ಚಲಲ್ಲಿ ಕನ್ನಡಿಯ ಮುಂದೆ ನಿಂತು ನಿಜಕ್ಕೂ ಉಸಿರು ಬಿಟ್ಟು ಬಿಟ್ಟು ಹಕಾರ ಕಲಿತೆ. ಇವತ್ತು ನನ್ನ ಬಾಯಿಂದ ಒಂದು ಹ ಕೂಡ ಬೀಳುವುದಿಲ್ಲ. ತಮಾಷೆಯೆಂದರೆ, ಮುಂದೆ ನಮ್ಮೂರ ಕಡೆಗೇ ಕೆಲಸಕ್ಕೆ ಬಂದ ಅವಳು ತನ್ನ ಹಕಾರವನ್ನು ತಾನೇ ಕೈಬಿಟ್ಟಳು. ನಮ್ಮ ಅಮ್ಮನ ಎದುರು ನಿಂತು “ಅಸ ಎಂಗೈತೆ ಅಮ್ಮಾ?” ಎನ್ನುವಳು. ಅಮ್ಮನ ಮುಖ ಅರಳುತ್ತಿತ್ತು. ಅದೇ ಮಾತನ್ನು ನಾನು ಹಾಗೆ ಆಡಿದರೆ “ಓದ್ದೋನಾಗಿ ಇಂಗಾ ಮಾತಾಡಾದು?” ಎಂದು ಬೈಸಿಕೊಳ್ಳುತ್ತಿದ್ದೆ.

ಕಾಲೇಜಿನ ಒಂದು ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಮೇಷ್ಟ್ರು ಕುರಿಯ ತಲೆಯೊಂದನ್ನು ಉದ್ದಕ್ಕೆ ಸೀಳಿಸಿ ಟ್ರೇಯಲ್ಲಿ ಇಟ್ಟಿದ್ದರು. ಹಣೆಯ ಎಲುಬಿನ ಪೊಳ್ಳಿನಲ್ಲಿ ದಪ್ಪನೆಯ ಬೆಳ್ಳನೆಯ ಹುಳಗಳು ಕೂತಿದ್ದವು. ಕುರಿಯ ಮೂಗಿನ ಹತ್ತಿರ ಹಾರಾಡುವ ಒಂದು ಜಾತಿಯ ನೊಣ ಮೊಟ್ಟೆಯನ್ನಲ್ಲ, ಜೀವಂತ ಮರಿಹುಳಗಳನ್ನೇ ಮೂಗಿನೊಳಕ್ಕೆ ಬಿಟ್ಟು ಹೋಗುತ್ತದೆ. ಅವು ಮೆಲ್ಲಗೆ ಮೇಲಕ್ಕೆ ತೆವಳಿ ತಲೆಯೊಳಗೆ ಮನೆ ಮಾಡುತ್ತವೆ. ಕುರಿ ಸೀನುತ್ತದೆ, ತಲೆ ಒದರುತ್ತದೆ, ಮೇವು ಬಿಟ್ಟು ಸೊರಗುತ್ತದೆ. ಮೇಷ್ಟ್ರು ಇಷ್ಟನ್ನು ವಿವರಿಸಿ ಮುಗಿಸಿದರು. ನನ್ನ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. ಹೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಅವಳು ಹಿಂದಿನಿಂದ ಕೂಗಿದಳು.

“ಸಾರ್, ತಲೆಗೆ ಹುಳ ಬಿಡೋದು ಅಂತಾರಲ್ಲ, ಇದೇನಾ ಅದು?”

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಯಾವತ್ತೂ ನಗದ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಪ್ರತಿ ವರ್ಷ ಹೊಸ ಹುಡುಗರಿಗೆ ಆ ಪಾಠ ಮಾಡುವಾಗ ಅವಳ ಮಾತನ್ನೇ ಹೇಳಿ ನಗಿಸುತ್ತಿದ್ದರಂತೆ. ಅದು ನನ್ನ ಮಾತು. ನನ್ನ ಬಾಯಿಂದ ಹೊರಬರಲು ಒಂದು ಗಳಿಗೆ ತಡವಾಯಿತು, ಅಷ್ಟೇ. ಅವಳ ಬಗ್ಗೆ ನನ್ನ ತಲೆಗೆ ಹುಳ ಬಿದ್ದದ್ದು ಆ ಮಧ್ಯಾಹ್ನವೇ ಇರಬೇಕು.

ಓದು ಮುಗಿದ ಮೇಲೆ ಅವಳು ಸರ್ಕಾರಿ ಕೆಲಸಕ್ಕೆ ಸೇರಿದಳು. ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ನಮ್ಮ ಊರ ಹತ್ತಿರದ ಪಶು ಆಸ್ಪತ್ರೆಗೆ ಬಂದಳು. ಶೀಟಿನ ಮಾಡು, ಮುರಿದ ಕಿಟಕಿ, ಮುಂದೆ ಒಂದು ಹೊಂಗೆ ಮರ. ಹೊಲಗಳೆಲ್ಲ ಲೇಔಟಾಗಿ, ಲೇಔಟುಗಳಲ್ಲಿ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಎದ್ದಿದ್ದರೂ ನಮ್ಮ ಜನ ಹಸು ಬಿಟ್ಟಿರಲಿಲ್ಲ. ನೆಲಮಹಡಿಯ ಪಾರ್ಕಿಂಗಿನಲ್ಲಿ, ಬೈಕುಗಳ ಸಾಲಿನ ಪಕ್ಕದಲ್ಲಿ ಕಟ್ಟಿ ಸಾಕುತ್ತಿದ್ದರು. ನಮ್ಮ ಅಮ್ಮನೂ ಹಾಗೆಯೇ. ಮೇಲೆ ನಮ್ಮ ಸಂಸಾರ ಮತ್ತು ಬಾಡಿಗೆಯವರು, ಕೆಳಗೆ ಅಮ್ಮ ಮತ್ತು ಗೌರಿ. “ಮೇಲೆ ಬನ್ನಿ ಅತ್ತೆ” ಎಂದು ನನ್ನ ಹೆಂಡತಿ ಎಷ್ಟು ಕರೆದರೂ ಹಗಲೆಲ್ಲ ಅಲ್ಲೇ ಗೋಣಿಚೀಲ ಹಾಸಿಕೊಂಡು ಕೂತು, ಬಾಡಿಗೆಯವರಿಗೆ ಹಾಲು ಅಳೆದುಕೊಡುತ್ತ, ಸ್ಕೂಟರ್ ಅಡ್ಡ ನಿಲ್ಲಿಸಿದವರನ್ನು ಬೈಯುತ್ತ ಇರುವ ಗಟ್ಟಿ ಹೆಂಗಸು.

ಡಾಕ್ಟ್ರಮ್ಮ ಸಾಧುವೇನಲ್ಲ. ಸಾಧುವಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಜಂಬದವಳು. “ನನ್ ಕೈ ನೋಡಿ, ಇಂಥ ಕೈ ಈ ತಾಲ್ಲೂಕಲ್ಲಿ ಇನ್ನೊಂದಿಲ್ಲ” ಎಂದು ಬೆರಳು ಅಲ್ಲಾಡಿಸಿ ತೋರಿಸುವಳು. ಹೇಳಿದ ಹೊತ್ತಿಗೆ ಎಂದೂ ಬಂದವಳಲ್ಲ. ಹಣೆಯಲ್ಲಿ ಕಾಸಗಲ ಕುಂಕುಮ, ಹೆಗಲಿಗೆ ದೊಡ್ಡ ರೆಕ್ಸಿನ್ ಚೀಲ. ಅದರಲ್ಲಿ ಬಾಚಣಿಗೆಯ ಪಕ್ಕದಲ್ಲೇ ಚಿಮಟ, ಪೌಡರ್ ಡಬ್ಬಿಯ ಪಕ್ಕದಲ್ಲೇ ಟರ್ಪೆಂಟೈನು, ಇವುಗಳ ಜೊತೆ ಒಂದು ಹಳೆಯ ಉಪ್ಪಿನಕಾಯಿ ಬಾಟಲಿ. ಕಿತ್ತ ಹುಳಗಳನ್ನು ಅವಳು ನೆಲಕ್ಕೆ ಬೀಳಲು ಬಿಡುತ್ತಿರಲಿಲ್ಲ. ಬಿದ್ದ ಹುಳ ಮಣ್ಣು ಹೊಕ್ಕು ಮತ್ತೆ ನೊಣವಾಗಿ ಏಳುತ್ತದೆ. ಅದಕ್ಕೇ ಎಲ್ಲವನ್ನೂ ಸ್ಪಿರಿಟ್ ತುಂಬಿದ ಆ ಬಾಟಲಿಗೆ ಹಾಕುತ್ತಿದ್ದಳು. ಒಮ್ಮೆ ನನ್ನ ಕ್ಲಿನಿಕ್ಕಿನ ಅಮೃತಶಿಲೆಯ ಕೌಂಟರಿನ ಮೇಲೆ ಅದನ್ನು ಮರೆತು ಹೋಗಿದ್ದಳು. ಪಮೇರಿಯನ್ ನಾಯಿ ತಂದಿದ್ದ ಹೆಂಗಸೊಬ್ಬರು ಅದನ್ನೆತ್ತಿ “ಮಾವಿನ ಮಿಡೀನಾ ಡಾಕ್ಟ್ರೇ?” ಎಂದು ಕೇಳಿದರು. ಅವರು ಮತ್ತೆ ಬರಲಿಲ್ಲ.

ಸುಳ್ಳುಗಾತಿಯೂ ಹೌದು. ಯಾವ ಮನೆಗೆ ಹೋದರೂ ಬಾಗಿಲಲ್ಲೇ ನಿಂತು “ಅಯ್ಯಯ್ಯೋ, ಇಷ್ಟು ಲಕ್ಷಣವಾದ ಅಸ ನಾನ್ ಎಲ್ಲೂ ನೋಡಿಲ್ಲ” ಎನ್ನುವಳು. ಕಣ್ಣಿಗೆ ಪಿಸುರು ಮೆತ್ತಿದ, ಮೂಳೆ ಬಿಟ್ಟ ಹಸುವಿಗೂ ಅದೇ ಮಾತು, ಕಜ್ಜಿ ಹತ್ತಿದ ನಾಯಿಗೂ ಅದೇ ಮಾತು. ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ಹಿಗ್ಗುತ್ತಿದ್ದರು. ನಾನು ನಿಜ ಹೇಳುತ್ತಿದ್ದೆ. “ತೂಕ ಕಡಿಮೆ ಇದೆ, ಲಿವರ್ ಟೆಸ್ಟ್ ಮಾಡಿಸಿ” ಎನ್ನುತ್ತಿದ್ದೆ. ಯಾರು ಹಿಗ್ಗುತ್ತಾರೆ?

ಹೊಗಳಿಕೆ ಮುಗಿದ ಕೂಡಲೇ ಬೈಗುಳ ಶುರುವಾಗುತ್ತಿತ್ತು. “ಗಾಯ ಆದ ದಿನ ನೀವ್ ನೋಡಿದ್ರೆ ನೊಣ ಯಾಕ್ ನೋಡ್ತಿತ್ತು? ನೀವ್ ನೋಡ್ಲಿಲ್ಲ, ಅದು ನೋಡ್ತು. ಅದಕ್ಕಿರೋ ಅಕ್ಕರೆ ನಿಮಗಿಲ್ಲ.” ಬೈಸಿಕೊಂಡವರು ತಲೆತಗ್ಗಿಸಿ ನಗುತ್ತಿದ್ದರು. ನಾನೇನಾದರೂ ಅದರ ಅರ್ಧ ಬೈದಿದ್ದರೆ ಫೋನಿನಲ್ಲಿ ಒಂದೇ ಒಂದು ಚುಕ್ಕಿ ಕೊಟ್ಟು ರಿವ್ಯೂ ಬರೆಯುತ್ತಿದ್ದರು.

ಒಮ್ಮೆ ಯಾವುದೋ ಔಷಧಿ ಬೇಕಾಗಿ ಅವಳ ಆಸ್ಪತ್ರೆಗೆ ಹೋಗಿದ್ದೆ. ಮತ್ತಿಕೆರೆಯ ಆಟೋದವನೊಬ್ಬ ತನ್ನ ಸ್ಟ್ಯಾಂಡಿನ ಬೀದಿನಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದಿದ್ದ. ಟೈಗರ್ ಎಂದು ಹೆಸರು. ಕಿವಿಯ ಹಿಂದೆ ಅಂಗೈಯಗಲದ ಗಾಯ, ಒಳಗೆಲ್ಲ ಹುಳ, ವಾಸನೆಗೆ ಹತ್ತಿರ ನಿಲ್ಲಲಾಗುತ್ತಿರಲಿಲ್ಲ. ಆಟೋದವನು ಮೂಗಿಗೆ ಟವೆಲ್ ಹಿಡಿದು ದೂರ ನಿಂತಿದ್ದ.

“ಏನ್ ಗುರು, ನಿಮ್ ಫ್ರೆಂಡು, ನೀವೇ ದೂರ ನಿಂತ್ರೆ ಹೆಂಗೆ? ಬನ್ನಿ, ತಲೆ ಹಿಡ್ಕೊಳ್ಳಿ” ಎಂದು ಅವಳು ಹೊಂಗೆ ಮರದ ಕೆಳಗೆ ನೆಲದ ಮೇಲೇ ಕೂತಳು. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯನ್ನು ಗಾಯಕ್ಕಿಟ್ಟು ಕಾದಳು. “ನೋಡಿ ಇಲ್ಲಿ. ಇವು ಬಾಲದ ಕಡೆಯಿಂದ ಉಸಿರಾಡ್ತವೆ. ತಲೆ ಒಳಗೆ, ತಿನ್ನೋಕೆ. ಹಿಂಭಾಗ ಹೊರಗೆ, ಗಾಳಿಗೆ. ಥೇಟ್ ನಿಮ್ ಸ್ಟ್ಯಾಂಡ್ ಹತ್ರ ಟೀ ಅಂಗಡೀಲಿ ನಿಂತ್ಕೊಳ್ಳೋ ಹಂಗೆ. ತಲೆ ಒಳಗೆ, ಹಿಂಭಾಗ ರೋಡಿಗೆ.”

ಆಟೋದವನು ಟವೆಲ್ ತೆಗೆದು ನಕ್ಕ. ನಕ್ಕವನಿಗೆ ವಾಸನೆ ಮರೆತೇ ಹೋಯಿತು. ಹುಳಗಳು ಹೊರಳಾಡುತ್ತ ಮೇಲೆ ಬರತೊಡಗಿದವು. ಅವಳು ಒಂದೊಂದನ್ನೇ ಚಿಮಟದಲ್ಲಿ ಹಿಡಿದು “ಬಾರಪ್ಪ ರಾಜ, ಊಟ ಆಯ್ತಲ್ಲ, ಎದ್ದೇಳು. ಬಾರೋ ನಮ್ಮಪ್ಪ” ಎಂದು ಮುದ್ದಿಸುತ್ತ ಎಳೆಯುತ್ತಿದ್ದಳು. ಎಲ್ಲ ಮುಗಿಸಿ, ಕೈ ತೊಳೆದು, ಅದೇ ಮರದ ಕೆಳಗೆ ಡಬ್ಬಿ ಬಿಚ್ಚಿ ಮೊಸರನ್ನ ತಿಂದಳು. ಆಟೋದವನಿಗೂ ಎರಡು ತುತ್ತು ಕೊಟ್ಟಳು. ಅವನು ತಿಂದ! ನನಗೂ ಡಬ್ಬಿ ಚಾಚಿದಳು. ಸ್ಪಿರಿಟ್ಟಿನ ಬಾಟಲಿ ಪಕ್ಕದಲ್ಲೇ ಇತ್ತು. “ಹಸಿವಿಲ್ಲ” ಎಂದೆ.

“ಹ ಚೆನ್ನಾಗಿ ಬರ್ತಿದೆ ಕಣೋ ಈಗ” ಎಂದಳು.

ಅವಳ ಕೆಲಸದ ಬಗ್ಗೆ ನನಗೆ ಹೊಟ್ಟೆಕಿಚ್ಚಿರಲಿಲ್ಲ. ಹುಳ ಕೀಳುವುದು ದೊಡ್ಡ ವಿದ್ಯೆಯೇನಲ್ಲ. ತಾಳ್ಮೆ ಬೇಕು, ಮೂಗು ಗಟ್ಟಿ ಇರಬೇಕು. ನಾನು ಅವಳಷ್ಟೇ ಚೆನ್ನಾಗಿ ಕೀಳುತ್ತೇನೆ. ನನಗೆ ಉರಿಯುತ್ತಿದ್ದದ್ದು ಬೇರೆ. ಅವಳು ಗೇಟು ತೆಗೆದು ಒಳಗೆ ಬಂದರೆ ಹಸು ಕಿವಿ ನಿಮಿರಿಸುತ್ತಿತ್ತು, ಹಸುವಿನ ಪಕ್ಕ ಕೂತ ನಮ್ಮ ಅಮ್ಮ ಸೊಂಟ ನೋವು ಮರೆತು ಎದ್ದು ನಿಲ್ಲುತ್ತಿದ್ದಳು. ನಾನು ಅದೇ ಗೇಟಿನಿಂದ ಒಳಗೆ ಬಂದರೆ “ಗಾಡಿ ಆ ಕಡೀಕೆ ನಿಲ್ಸು, ಅಸಕ್ಕೆ ಒಗೆ ಬಡೀತದೆ” ಎನ್ನುತ್ತಿದ್ದಳು.

ಗೌರಿಯ ತೊಡೆಗೆ ಗೇಟಿನ ತಗಡು ಕುಯ್ದಾಗ ನಡೆದದ್ದನ್ನು ಹೇಳಿದರೆ ನಿಮಗೂ ಅರ್ಥವಾಗುತ್ತದೆ. ಮಳೆಗಾಲ. ಅಮ್ಮ ತನ್ನದೇ ವೈದ್ಯ ಮಾಡಿ, ನುಸಿಗುಳಿಗೆಯ ಪುಡಿ ತುಂಬಿ, ಸೀತಾಫಲದ ಎಲೆ ಅರೆದು ಮೆತ್ತಿ, ಅದೂ ಸಾಲದೆ ಹೋದಾಗ “ಉಳ ಬಿದ್ದದೆ ಕಣಪ್ಪ, ಉಳದ್ ಡಾಕ್ಟ್ರಮ್ಮನ್ನ ಕರಿ” ಎಂದಳು.

“ನಾನೇ ಇದ್ದೀನಲ್ಲಮ್ಮ.”

“ನೀನು ನಾಯಿ ಡಾಕ್ಟ್ರಲ್ವಾ?”

ಡಾಕ್ಟರ್ ಓದುವಾಗ ಹಸು ಬೇರೆ ನಾಯಿ ಬೇರೆ ಅಂತ ಇಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಡಾಕ್ಟ್ರಮ್ಮ ಯಾವುದೋ ತರಬೇತಿಗೆಂದು ಹೊರಗೆ ಹೋಗಿದ್ದಳು, ಮಾರನೆಯ ದಿನ ಬರುವವಳಿದ್ದಳು. ಗತಿಯಿಲ್ಲದೆ ಅಮ್ಮ ನನ್ನ ಕೈಗೆ ಗೌರಿಯನ್ನು ಕೊಟ್ಟಳು. ಪ್ಯಾಂಟು ಮಡಚಿ, ಗೋಮೂತ್ರದಲ್ಲಿ ಮಂಡಿಯೂರಿ ಕೂತು, ಟಾರ್ಚು ಬಿಟ್ಟುಕೊಂಡು ಒಂದು ಹುಳವನ್ನೂ ಬಿಡದೆ ಕಿತ್ತೆ. ಪಕ್ಕಕ್ಕೆ ಸೀಳಿದ್ದ ಚಿಕ್ಕ ತೂತನ್ನೂ ಹುಡುಕಿ ಅದರೊಳಗೆ ಅಡಗಿದ್ದವನ್ನು ಹೊರಗೆಳೆದೆ. ಗಾಯ ತೊಳೆದೆ, ಮುಲಾಮು ಹಚ್ಚಿದೆ, ಇಂಜೆಕ್ಷನ್ ಕೊಟ್ಟೆ. ನನ್ನ ಜೀವಮಾನದಲ್ಲೇ ಅಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದಿಲ್ಲ. ಅಮ್ಮ ಗೋಡೆಗೊರಗಿ ನೋಡುತ್ತಲೇ ಇದ್ದಳು.

ಮಾರನೆಯ ದಿನ ನಾನು ಕ್ಲಿನಿಕ್ಕಿಗೆ ಹೊರಡುವ ಹೊತ್ತಿಗೆ ಗೇಟಿನ ಹತ್ತಿರ ಅವಳ ಸ್ಕೂಟಿ ನಿಂತಿತ್ತು. ಅಮ್ಮ ಕದ್ದು ಫೋನ್ ಮಾಡಿದ್ದಳು. ಅವಳು ತಲೆಕೆಳಗಾಗಿಸಿದ ಬಕೆಟ್ಟಿನ ಮೇಲೆ ಕೂತು, ಅಮ್ಮ ಕೊಟ್ಟ ಕಾಫಿ ಕುಡಿದು, ಅಮ್ಮನ ಮಂಡಿಯ ಸಮಾಚಾರವನ್ನೆಲ್ಲ ಕೇಳಿ, ಕೊನೆಗೆ ಗೌರಿಯ ತೊಡೆಯ ಪಟ್ಟಿ ಬಿಚ್ಚಿ ನೋಡಿದಳು. ನಾನು ಪರೀಕ್ಷೆಯ ರಿಸಲ್ಟ್ ನೋಡುವವನ ಹಾಗೆ ಕತ್ತು ಚಾಚಿ ನಿಂತಿದ್ದೆ. ಅವಳು ತುಂಬಾ ಹೊತ್ತು ನೋಡಿದಳು.

“ಅಮ್ಮಾ, ನಿಮ್ ಮಗ ಬಾಳ ಚೆನ್ನಾಗಿ ಮಾಡವ್ನೆ. ನಾನ್ ಕೈ ಆಕೋಕೆ ಏನೂ ಉಳಿಸಿಲ್ಲ” ಎಂದು ಗೌರಿಯ ಬೆನ್ನು ತಟ್ಟಿ ಎದ್ದಳು.

ಅಮ್ಮ ದೊಡ್ಡ ಉಸಿರು ಬಿಟ್ಟಳು. “ನೀವ್ ಬಂದ್ ಮುಟ್ಟಿದ್ರಲ್ಲ ತಾಯಿ, ಇನ್ ವಾಸಿ ಆಯ್ತದೆ ಬಿಡಿ.”

ಗಾಯ ವಾಸಿಯಾಯಿತು. ಇವತ್ತಿಗೂ ಅಮ್ಮ ಹೇಳುವುದು, ಡಾಕ್ಟ್ರಮ್ಮ ಬಂದು ಬೆನ್ನು ತಟ್ಟಿದರು, ಗೌರಿ ಎದ್ದು ನಿಂತಿತು ಎಂದು. ಗೇಟಿನ ಹೊರಗೆ ಸ್ಕೂಟಿ ಹತ್ತುವಾಗ ಅವಳು ನನ್ನ ಕಡೆ ಕಣ್ಣು ಮಿಟುಕಿಸಿದಳು. ಅವಳು ನನ್ನನ್ನು ಹೊಗಳದೆ ಏನಾದರೂ ಕುಂದು ಹುಡುಕಿದ್ದರೆ ಜಗಳವಾಡಬಹುದಿತ್ತು. ಅದಕ್ಕೂ ದಾರಿಯಿಲ್ಲದಂತೆ ಮಾಡಿಬಿಟ್ಟಳು.

ಗೌರಿ ಈಯ್ದಾಗಲೆಲ್ಲ ಮೊದಲ ಹಾಲಿನ ಗಿಣ್ಣು ಅವಳಿಗೆ ಹೋಗುತ್ತಿತ್ತು. ಬೆಲ್ಲ ಹಾಕಿ, ಏಲಕ್ಕಿ ಪುಡಿ ಉದುರಿಸಿ, ಹಬೆಯಲ್ಲಿ ಬೇಯಿಸಿ, ಗಟ್ಟಿಯಾದ ಮೇಲೆ ಚೌಕವಾಗಿ ಕುಯ್ದು ಸ್ಟೀಲಿನ ಡಬ್ಬಿಗೆ ತುಂಬಿ “ಡಾಕ್ಟ್ರಮ್ಮಂಗೆ ಕೊಟ್ಬಾ” ಎಂದು ಅಮ್ಮ ನನ್ನ ಕೈಗೇ ಕೊಡುತ್ತಿದ್ದಳು. ನಮಗೆ ಸಂಜೆಯ ಹಾಲಿನದು. ಸಂಜೆಯದೂ ಗಿಣ್ಣೇ, ರುಚಿಯಲ್ಲಿ ಅಂಥ ವ್ಯತ್ಯಾಸವಿಲ್ಲ. ಆದರೂ ಹುಟ್ಟಿದಾಗಿನಿಂದ ಆ ಮನೆಯ ಮೊದಲ ಗಿಣ್ಣು ತಿಂದವನು ನಾನು. ಡಬ್ಬಿ ಹಿಡಿದು ಅವಳ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮುಚ್ಚಳ ತೆಗೆದು ನೋಡುತ್ತಿದ್ದೆ. ತಿನ್ನಲಿಲ್ಲ. ತಿಂದಿದ್ದರೆ ಗೊತ್ತಾಗುತ್ತಿತ್ತು, ಮೂಲೆಗಳು ಅಷ್ಟು ಚೂಪಾಗಿರುತ್ತಿದ್ದವು.

ಹೋದ ಬೇಸಿಗೆಯಲ್ಲಿ ಒಂದು ದಿನ ಅವಳು ನನ್ನ ಕ್ಲಿನಿಕ್ಕಿಗೆ ಬಂದಳು. ಕೆಲಸವೇನೂ ಇರಲಿಲ್ಲ. ಸೋಫಾದಲ್ಲಿ ಕಾಲು ಮೇಲಿಟ್ಟು ಕೂತು ಕಣ್ಣು ಮುಚ್ಚಿಕೊಂಡಳು. ಮುಖ ಸಪ್ಪಗಿತ್ತು. ಹುಷಾರಿಲ್ಲವೇ ಎಂದೆ. “ಬಿಸಿಲು” ಎಂದಳು. ಡಾಕ್ಟರಿಗೆ ತೋರಿಸು ಎಂದೆ. “ತೋರಿಸ್ತಿದ್ದೀನಲ್ಲ, ನೀನ್ ಡಾಕ್ಟ್ರಲ್ವಾ?” ಎಂದು ನಕ್ಕಳು. ಆಮೇಲೆ ಇದ್ದಕ್ಕಿದ್ದಂತೆ ಹೇಳಿದಳು.

“ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣೋ.”

“ಎಸಿಗಾ?”

“ಎಸಿ ಯಾವನಿಗೆ ಬೇಕು. ನಿಮ್ಮಮ್ಮನ ಹತ್ರ ನಾನ್ ಹೋದಾಗೆಲ್ಲ ಅವರು ಹಸೂದು ಎರಡು ಮಾತು ಆಡ್ತಾರೆ, ಆಮೇಲೆ ಪೂರ್ತಿ ನಿಂದೇ. ಮಗ ತಿಂದ್ನಾ, ಮಗ ಸೊರಗಿದಾನಾ, ಮಗನ ಕೈ ಎಷ್ಟು ಹಗುರ ನೋಡಿದ್ರಾ ಅಂತ. ನಂಗೆ ಆ ತರ ಕೇಳೋರು ಯಾರೂ ಇರ್ಲಿಲ್ಲ. ಅದಕ್ಕೇ ನಿಮ್ಮನೆ ಕಾಫಿಗೆ ಬರ್ತಿದ್ದೆ, ಇನ್ನೊಬ್ಬರ ಪಾಲಿನ ಅಕ್ಕರೇನಾದ್ರೂ ಕೇಳಿಸ್ಕೊಳ್ಳೋಕೆ.”

ಅಷ್ಟರಲ್ಲಿ ಬೆಕ್ಕು ತಂದವರು ಯಾರೋ ಒಳಗೆ ಬಂದರು. ಅವಳು ಎದ್ದು “ಅಯ್ಯಯ್ಯೋ, ಇಷ್ಟು ಲಕ್ಷಣವಾದ ಬೆಕ್ಕು ನಾನ್ ಎಲ್ಲೂ ನೋಡಿಲ್ಲ” ಎಂದು ಅದರ ಗದ್ದ ಸವರಿ ಹೊರಟುಹೋದಳು.

ನೋಡಿ, ಹೋಗುವಾಗಲೂ ತಲೆಗೆ ಹುಳ ಬಿಟ್ಟೇ ಹೋದಳು. ಹೇಳಿದ್ದು ನಿಜವೋ, ಮೂಳೆ ಬಿಟ್ಟ ಹಸುವಿಗೆ ಲಕ್ಷಣ ಕಟ್ಟುವವಳು ನನಗೂ ಒಂದು ಕಟ್ಟಿ ಹೋದಳೋ? ಅಮ್ಮನನ್ನು ಕೇಳಬಹುದು. ಕೇಳಿದರೆ ಅಮ್ಮ “ಅದ್ಯಾಕ್ಲಾ ಈಗ?” ಎನ್ನುತ್ತಾಳೆ, ಅದಕ್ಕಿಂತ ಹೆಚ್ಚು ಏನೂ ಹೊರಡುವುದಿಲ್ಲ. ಅವಳನ್ನೇ ಮತ್ತೆ ಕೇಳೋಣವೆಂದುಕೊಂಡೆ. ಮಳೆಗಾಲ ಶುರುವಾದ ಮೇಲೆ, ಕುರಿಮಂದೆಯೊಂದಕ್ಕೆ ಔಷಧಿ ಹಾಕಿ ಬಂದು ಹೊಂಗೆ ಮರದ ಕೆಳಗೆ ಕೂತವಳು ಅಲ್ಲೇ ಒರಗಿದಳಂತೆ. ಹೃದಯದ ತೊಂದರೆ ಬಹಳ ದಿನದಿಂದ ಇತ್ತೆಂದು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು. ಯಾರೂ ನೋಡಿರಲಿಲ್ಲ. ಊರಿನ ದನಕರುಗಳ ಮೈಯೆಲ್ಲ ತಡಕಿದವಳು ತನ್ನದನ್ನು ತೋರಿಸಿರಲಿಲ್ಲ.

ಅಮ್ಮ ಅತ್ತಳು. ಅಪ್ಪ ಹೋದಾಗ ಅತ್ತದ್ದಕ್ಕಿಂತ ಹೆಚ್ಚು ಎಂದರೆ ತಪ್ಪಾಗಬಹುದು, ಆದರೆ ಕಡಿಮೆಯೇನಲ್ಲ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನನಗೆ ದುಃಖವಾಗಿತ್ತು, ನಿಜ. ಅದರ ಜೊತೆಗೇ, ನಾನು ಹೋದರೆ ಹೀಗೆ ಅಳುತ್ತಾಳೆಯೇ ಎಂದೂ ಅನ್ನಿಸಿತು. ಅಳಲಿ ಎಂದು ಆಸೆಪಡುವ ವಿಷಯವೇ ಅದು? ಹೊಟ್ಟೆಕಿಚ್ಚಿಗೆ ಬುದ್ಧಿ ಇರುವುದಿಲ್ಲ.

ಆ ಮಳೆಯಲ್ಲೇ ಗೌರಿ ಹೆಣ್ಣು ಕರು ಹಾಕಿತು. ಮೊದಲ ಹಾಲು ಕರುವಿಗೆ ಬಿಟ್ಟು ಉಳಿದದ್ದರಲ್ಲಿ ಅಮ್ಮ ಗಿಣ್ಣು ಮಾಡಿದಳು. ಅಭ್ಯಾಸದಂತೆ ಅದೇ ಸ್ಟೀಲಿನ ಡಬ್ಬಿಗೆ ತುಂಬಿದಳು. ಮುಚ್ಚಳ ಹಾಕಿದ ಮೇಲೆ ನೆನಪಾಗಿ ಡಬ್ಬಿ ಹಿಡಿದುಕೊಂಡು ಹಾಗೇ ನಿಂತಳು. ಆಮೇಲೆ ನನ್ನ ಕಡೆ ಚಾಚಿ “ತಿನ್ನು. ಅವ್ರಿಗೆ ಇಷ್ಟ ಅಂತ ಏಲಕ್ಕಿ ವಸಿ ಜಾಸ್ತಿ ಆಕಿದ್ದೆ” ಎಂದಳು. ತಿಂದೆ. ಮೊದಲ ಗಿಣ್ಣು ಕೊನೆಗೂ ನನಗೆ ಸಿಕ್ಕಿತ್ತು. ಬಾಯಿತುಂಬಾ ಅವಳ ಏಲಕ್ಕಿ.

ಸ್ವಲ್ಪ ದಿನಕ್ಕೆ ಕರುವಿನ ಹೊಕ್ಕುಳಲ್ಲಿ ಹುಳ ಬಿತ್ತು. ಆಗ ತಾನೇ ಹುಟ್ಟಿದ ಕರುವಿಗೆ ಒಣಗದ ಹೊಕ್ಕುಳಬಳ್ಳಿ ಇರುತ್ತದೆ, ನೊಣಕ್ಕೆ ಅಷ್ಟು ಸಾಕು. ಅಮ್ಮ ಮೆಟ್ಟಿಲ ಕೆಳಗಿನಿಂದ ಕೂಗಿದಳು. “ಲೋ, ಇಳ್ಕಂಡ್ ಬಾ. ಉಳ ಬಿದ್ದದೆ.” ಯಾರನ್ನೂ ಕರಿ ಎಂದು ಹೇಳಲಿಲ್ಲ. ಬಾ ಎಂದಳು. ಎಷ್ಟೋ ವರ್ಷ ಕಾದಿದ್ದ ಮಾತು. ಕಾಫಿ ಲೋಟ ಅಲ್ಲೇ ಬಿಟ್ಟು ಓಡಿದೆ.

ಬಕೆಟ್ ತಲೆಕೆಳಗಾಗಿಸಿ ಕೂತೆ. ಅಮ್ಮ ಕರುವನ್ನು ಮಡಿಲಿಗೆ ಹಾಕಿಕೊಂಡಳು. ಹತ್ತಿ ಇಟ್ಟೆ, ಕಾದೆ. ಹುಳಗಳು ಮೆಲ್ಲಗೆ ಮೇಲೆ ಬಂದವು. ಚಿಮಟ ಆಡತೊಡಗಿದ ಮೇಲೆ ನನಗೆ ಬೇರೆ ಯಾವುದರ ಮೇಲೂ ಗಮನವಿರಲಿಲ್ಲ. ಎಲ್ಲ ಮುಗಿದು, ಕೊನೆಯದನ್ನು ಬಾಟಲಿಗೆ ಹಾಕಿ ತಲೆಯೆತ್ತಿದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು.

“ಥೇಟ್ ಅವ್ರಂಗೇ” ಎಂದಳು.

“ಏನು?”

“ಬಾರಪ್ಪ ರಾಜ, ಬಾರೋ ನಮ್ಮಪ್ಪ ಅಂತಿದ್ದಲ್ಲ ಇಷ್ಟೊತ್ತು.”

ನಾನು ಅನ್ನುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಅಮ್ಮನ ಬಾಯಿಂದ ಕೊನೆಗೂ ಒಂದು ಮೆಚ್ಚುಗೆ ಬಂತು. ಅದೂ ಅವಳ ವಿಳಾಸಕ್ಕೇ ಹೋಯಿತು.

ಅಮ್ಮ ಕರುವಿನ ಕತ್ತು ನೀವುತ್ತ ಕೇಳಿದಳು. “ಇದುಕ್ಕೆ ಅವ್ರೆಸ್ರೇ ಮಡಗ್ತೀನಿ ಕಣ್ಲಾ. ಏನು ಅವ್ರೆಸ್ರು?”

ಇಷ್ಟು ವರ್ಷ ಕಾಫಿ ಕೊಟ್ಟವಳಿಗೆ ಹೆಸರು ಗೊತ್ತಿಲ್ಲ. ಫ್ಲೆಕ್ಸ್ ಕಟ್ಟಿದವರಿಗೂ ಗೊತ್ತಿಲ್ಲ. ಈ ಊರಲ್ಲಿ ಅದು ಗೊತ್ತಿರುವವನು ನಾನೊಬ್ಬನೇ. ಹೇಳಬಾರದು ಅನ್ನಿಸಿತು. ಊರು, ಹಸುಗಳು, ಗಿಣ್ಣು, ನನ್ನ ಅಮ್ಮ, ಎಲ್ಲ ಅವಳಿಗೇ ಸಂದಿತ್ತು. ಅವಳದೆಂದು ನನ್ನ ಹತ್ತಿರ ಮಾತ್ರ ಇದ್ದದ್ದು ಇದೊಂದೇ. ಮರೆತುಹೋಗಿದೆ ಎಂದರೆ ಅಮ್ಮ ನಂಬುತ್ತಿದ್ದಳು, ಇನ್ನೊಂದು ಲಕ್ಷ್ಮಿಯೋ ತುಂಗೆಯೋ ಆಗಿ ಕರು ಬೆಳೆಯುತ್ತಿತ್ತು.

ಕರು ಬಾಯಿ ಚಾಚಿ ನನ್ನ ಬೆರಳು ಚೀಪತೊಡಗಿತು. ಹೇಳಿಬಿಟ್ಟೆ.

ನಿಮಗೆ ಹೇಳುವುದಿಲ್ಲ. ಹಕಾರದಿಂದ ಶುರುವಾಗುವ ಹೆಸರು ಎಂದಷ್ಟೇ ಹೇಳುತ್ತೇನೆ. ಅಮ್ಮ ಒಮ್ಮೆ ಅಂದು ನೋಡಿದಳು. ಮೊದಲಲ್ಲೇ ಹ ಬಿದ್ದುಹೋಯಿತು.

“ಹಂಗಲ್ಲಮ್ಮ. ಹ. ಕನ್ನಡಿ ಮೇಲೆ ಉಸಿರು ಬಿಟ್ಟಂಗೆ ಬಿಡು” ಎಂದೆ.

“ಅಂಗೇ ಅಂದ್ನಲ್ಲಪ್ಪ” ಎಂದಳು.

ಮಳೆಗೆ ಫ್ಲೆಕ್ಸಿನ ಬಣ್ಣ ಇಳಿಯುತ್ತಿದೆ. ನನ್ನ ನೀಲಿ ತೋಳು ಆಗಲೇ ಬೆಳ್ಳಗಾಗಿದೆ. ಈಗ ದಿನಾ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಅಮ್ಮ ಪಾರ್ಕಿಂಗಿನಿಂದ ಕರುವನ್ನು ಕೂಗುತ್ತಾಳೆ. ಹ ಉದುರಿಹೋಗಿ, ಉಳಿದ ಹೆಸರು ಬೈಕುಗಳ ನಡುವಿನಿಂದ ಮೆಟ್ಟಿಲು ಹತ್ತಿ ನನ್ನ ಬಾಲ್ಕನಿಯವರೆಗೆ ಬರುತ್ತದೆ. ನನ್ನನ್ನು ಅಮ್ಮ ಅಷ್ಟು ಮುದ್ದಾಗಿ ಕೂಗಿದ್ದು ನನಗೆ ನೆನಪಿಲ್ಲ. ಹೊಟ್ಟೆ ಉರಿಯುತ್ತದೆ. ಆದರೂ ಕರು ಕಿವಿ ನಿಮಿರಿಸುವ ಮೊದಲೇ ನಾನು ಕಂಬಿ ಹಿಡಿದು ಬಗ್ಗಿ, ಗೇಟಿನ ಕಡೆ ನೋಡಿರುತ್ತೇನೆ.